ಬಂಗಾರಕ್ಕೊಂದು ಉಸಿರು

ಗುರು ಸ್ತಾವ್ರೋಸ್ ತೀರಿಕೊಂಡ ಸುದ್ದಿ ಬಂದ ದಿನವೂ ಸುಮಿತ್ರವ್ವ ನಸುಕಿನ ಐದೂವರೆಗೇ ಯೂಲೆಸ್ ಊರಿನ ಕಾರ್ಯಾಗಾರದ ಬೀಗ ತೆಗೆದಿದ್ದರು. ಮೂಗುಬಾಯಿಗೆ ಮಾಸ್ಕ್ ಕಟ್ಟಿ, ಮೇಜಿನ ಮೇಲಿದ್ದ ಮೇರಿಮಾತೆಯ ಹಳೆಯ ಚಿತ್ರಫಲಕದ ಧೂಳು ತೆಗೆಯುತ್ತಿದ್ದಾಗ ಗುರುವಿನ ಮಗಳ ಫೋನು ಬಂತು. ಮಲಗಿದವರು ಏಳಲಿಲ್ಲ. ನಲವತ್ತನೆಯ ದಿನದ ಪ್ರಾರ್ಥನೆಗೆ ಈ ಫಲಕ ಆಸ್ಟಿನ್ನಿನ ಚರ್ಚಿಗೆ ಮರಳಬೇಕು. ಅಪ್ಪನ ಕೊನೆಯ ಕೆಲಸ, ನೀವೇ ಮುಗಿಸಿಕೊಡಿ ಎಂದಳು. ಮಾತೆಯ ತಲೆಯ ಸುತ್ತ ಬಂಗಾರದ ಪ್ರಭಾವಳಿ ಇರಬೇಕಾದಲ್ಲಿ ಬರೀ ಕೆಂಪು ಜೇಡಿಮಣ್ಣಿನ ಲೇಪವಿತ್ತು.

ಅರವತ್ತನಾಲ್ಕರ ಸುಮಿತ್ರವ್ವ ಧಾರವಾಡದವರು. ಮೂವತ್ತು ವರ್ಷ ಇಲ್ಲಿನ ದಂತದ ಲ್ಯಾಬಿನಲ್ಲಿ ಬಂಗಾರದ ಹಲ್ಲು ಮಾಡಿದವರು. ಅವರು ಮಾಡಿದ ಒಂದು ಹಲ್ಲು ಸ್ತಾವ್ರೋಸರ ಬಾಯಿ ಸೇರಿತು. ಇಷ್ಟು ನಯವಾಗಿ ಮಾಡಿದ ಕೈ ಯಾರದೆಂದು ಹುಡುಕಿಕೊಂಡು ಗ್ರೀಕ್ ಮುದುಕ ಲ್ಯಾಬಿಗೇ ಬಂದರು.

"ಹೆಣ್ಣ ನೋಡಾಕ ಬಂದವರು ಆಕಿ ಹಲ್ಲ ನೋಡತಾರ್ರೀ. ಇವರು ತಮ್ಮ ಹಲ್ಲ ತೋರಿಸಿ ನನ್ನ ಕೆಲಸಕ್ಕ ಕರದ್ರು" ಎಂದು ಸುಮಿತ್ರವ್ವ ನಗುತ್ತಾರೆ.

ದೇವರ ಚಿತ್ರಫಲಕಕ್ಕೆ ಬಂಗಾರ ಹಚ್ಚುವ ಈ ಕಸುಬು ಬೈಜಾಂಟಿಯಂ ಸಾಮ್ರಾಜ್ಯದ ಕಾಲದಿಂದ ಬಂದದ್ದು. ಒಮ್ಮೆ ಅಲ್ಲಿನ ಚಕ್ರವರ್ತಿಗಳೇ ದೇವರ ಚಿತ್ರ ಕೂಡದೆಂದರು. ನೂರಕ್ಕೂ ಹೆಚ್ಚು ವರ್ಷದ ಜಗ್ಗಾಟದ ಬಳಿಕ ಚಿತ್ರಗಳು ಮರಳಿದವು. ಮುಂದೆ ರಾಜಧಾನಿಯೇ ಬಿದ್ದರೂ ಕಸುಬು ಗುರುವಿನಿಂದ ಶಿಷ್ಯನಿಗೆ ದಾಟುತ್ತ ಬಂತು. ಇಲ್ಲಿ ಬಂಗಾರವೆಂದರೆ ಒಡವೆಯಲ್ಲ, ದೇವರ ಬೆಳಕು.

ಸುಮಿತ್ರವ್ವ ದಿನಕ್ಕೆ ಎಂಟು ತಾಸು ದುಡಿಯುತ್ತಾರೆ. ಹಲಗೆಗೆ ಹನ್ನೆರಡು ಸಲ ಬಿಳಿಲೇಪ, ಆಮೇಲೆ ಜೇಡಿ, ಅದರ ಮೇಲೆ ಹಾಳೆಗಿಂತ ತೆಳುವಾದ ಬಂಗಾರದ ರೇಕು, ಕೊನೆಗೆ ಕಲ್ಲಿನಿಂದ ಉಜ್ಜಿ ಮೆರುಗು. ಫ್ಯಾನು ಹಾಕುವಂತಿಲ್ಲ, ರೇಕು ಹಾರಿಹೋಗುತ್ತದೆ. ಜೇಡಿ ತುಸು ಹಸಿಯಾದರಷ್ಟೇ ರೇಕು ಹಿಡಿಯುತ್ತದೆ. ಹೊಸ ಹಲಗೆಯಾದರೆ ಕುಂಚದ ನೀರು ಸಾಕು. ಹಳೆಯ ಫಲಕದಲ್ಲಿ ನೀರು ಹರಿದರೆ ಮುಖದ ಬಣ್ಣ ಕೆಡುತ್ತದೆ. ಅಲ್ಲಿ ಬಾಯಿಯ ಬಿಸಿ ಉಸಿರೇ ಬೇಕು. ಗುರುವಿನ ಬಳಿ ಕಳೆದ ಆರು ವರ್ಷದಲ್ಲಿ ಸುಮಿತ್ರವ್ವ ಆ ಒಂದು ಕೆಲಸ ಮಾತ್ರ ಮುಟ್ಟಿರಲಿಲ್ಲ.

"ದೇವರ ದೀಪಾನ ಬಾಯಿಲೆ ಊದಿ ಆರಸಬಾರದು ಅಂತ ಬೆಳದಾಕಿ ನಾನು. ದೇವರ ಮ್ಯಾಲೆ ಎಂಜಲ ಉಸಿರು ಬಿಡಲೇನ್ರೀ?"

ಗುರು ಮಾಸ್ಕ್ ನೋಡಿ ಕೆಣಕುತ್ತಿದ್ದರಂತೆ. ಅವರ ಇಂಗ್ಲಿಷ್ ಮಾತನ್ನು ಸುಮಿತ್ರವ್ವ ತಮ್ಮ ಕನ್ನಡದಲ್ಲೇ ಹೇಳುತ್ತಾರೆ: "ದೇವರು ಮಣ್ಣಿನ ಗೊಂಬಿಗೆ ಉಸಿರು ಊದಿದಾಗ ಮನಷ್ಯಾ ಹುಟ್ಟಿದ. ಆವಾಗ ದೇವರು ಮಾಸ್ಕ್ ಹಾಕ್ಕೊಂಡಿದ್ನೇನು, ಸುಮಿತ್ರಾ?"

ಮೂವತ್ತು ದಿನ ಫಲಕ ಹಾಗೆಯೇ ಇತ್ತು. ಮೂವತ್ತೊಂದನೆಯ ದಿನ ಸುಮಿತ್ರವ್ವ ತಲೆಗೆ ನೀರು ಹಾಕಿಕೊಂಡು, ಬಾಯಿಗೆ ತುಳಸಿ ಹಾಕಿಕೊಂಡು ಬಂದರು. ಮಾಸ್ಕ್ ಬಿಚ್ಚಿ ಜೇಡಿಯ ಹತ್ತಿರ ಬಾಗಿ, ಹಾ ಎಂದು ಮೆಲ್ಲಗೆ ಉಸಿರು ಬಿಟ್ಟರು. ಕೆಂಪು ಮಣ್ಣು ಮಸುಕಾಯಿತು. ರೇಕು ತಾನೇ ಜಿಗಿದು ಕೂತಿತು. ಹನ್ನೊಂದು ಉಸಿರು, ಹನ್ನೊಂದು ರೇಕು.

ನಲವತ್ತನೆಯ ದಿನ ಆಸ್ಟಿನ್ನಿಗೆ ಕರೆದೊಯ್ದವರು ಹತ್ತಿರದ ಫ್ರಿಸ್ಕೋ ಊರಿನ ಪರಿಚಯದ ಕನ್ನಡತಿ, ಡಾಕ್ಟರ್ ಚಂದ್ರಪ್ರಭಾ. ದಾರಿಯಲ್ಲಿ ಅವರೂ ಕೆಣಕಿದರು: "ನಮ್ಮ ದೇವ್ರನ್ನ ಬಿಟ್ಟು ಅವ್ರ ದೇವ್ರಿಗೆ ಚಿನ್ನ ಹಚ್ತೀರಲ್ಲ, ಆಂಟಿ?"

"ಬಂಗಾರ ಯಾರ ದೇವರು ಅಂತ ಕೇಳೂದಿಲ್ಲವ್ವಾ. ಮಣ್ಣು ಹಸಿ ಐತೋ ಇಲ್ಲೋ, ಅಷ್ಟ ಕೇಳತೈತಿ."

ಚರ್ಚಿನ ಗುಮ್ಮಟದ ಕೆಳಗೆ ಮೇಣದ ದೀಪಗಳು ಅಲುಗಿದಂತೆ ಪ್ರಭಾವಳಿಯೂ ಮಿನುಗಿತು. ಸುಮಿತ್ರವ್ವ ಕೈಮುಗಿದು ನಿಂತು ಹೇಳಿದರು: "ನನ್ನ ಉಸಿರೂ ಒಂದಿನ ನಿಲ್ಲತೈತಿ. ಹನ್ನೊಂದು ಇಲ್ಲಿ ಉಳದಾವಲ್ಲ, ಸಾಕು."

ಮಣ್ಣಿಗೆ ಉಸಿರು ಕೊಟ್ಟ ಪರಮಾತ್ಮ ಸ್ತಾವ್ರೋಸರ ಉಸಿರನ್ನು ತನ್ನ ಬೆಳಕಿನಲ್ಲಿ ಸೇರಿಸಿಕೊಳ್ಳಲಿ. ಆ ಜೀವ ತಣ್ಣಗಿರಲಿ.