ಕಾರ್ಡಿನ ಹೆಸರು, ಕರೆಯುವ ಹೆಸರು

ಬೆಳಗಿನ ಐದೂ ಐವತ್ತು. ಕಳವಾ ಎಂಬ ಉಪನಗರದ ಧರ್ಮಾರ್ಥ ಡಯಾಲಿಸಿಸ್ ಕೇಂದ್ರದಲ್ಲಿ ಇನ್ನೂ ಅರ್ಧ ದೀಪ ಮಾತ್ರ ಹತ್ತಿದೆ. ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಬಂದ ಸುಗುಣಾ ಕಂಪ್ಯೂಟರ್ ನೋಡಿ ಕೂಗುತ್ತಾರೆ: "ಯಂಕಣ್ಣ! ಬನ್ನಿ ಮಾರಾಯ್ರೆ, ಮೂರನೇ ಬೆಡ್." ಮೂಲೆಯ ಬೆಂಚಿನಿಂದ ಒಬ್ಬರು ತಟ್ಟನೆ ಏಳುತ್ತಾರೆ. ಪರದೆಯ ಮೇಲಿರುವುದು ಮಾತ್ರ ವೆಂಕಟೇಶ ಭೀಮಪ್ಪ. ಅದರ ಕೆಳಗೊಂದು ಪುಟ್ಟ ಚೌಕ, 'ಕರೆಯುವ ಹೆಸರು'. ಆ ಚೌಕ ಸುಗುಣಾ ಹಾಕಿದ್ದು.

ಐವತ್ತೆರಡರ ಸುಗುಣಾ ಉಡುಪಿ ಕಡೆಯವರು, ಇಲ್ಲಿ ಹದಿನಾರು ವರ್ಷದಿಂದ ಡೇಟಾ ಆಪರೇಟರ್. ದಿನಕ್ಕೆ ಮೂರು ಪಾಳಿ, ಮೂವತ್ತಾರು ರೋಗಿಗಳು. ಎದುರಿಗೆ ಕಾಣುವ ಫಾರ್ಮನ್ನು ಆಕ್ಸೆಸ್ ಎಂಬ ಸಾಫ್ಟ್‌ವೇರಿನಲ್ಲಿ ಅವರೇ ಕಟ್ಟಿದ್ದಾರೆ. ಮಾಹಿತಿ ಕೂರುವುದು ಸೀವುಡ್ಸ್‌ನ ಮುಖ್ಯ ಕಚೇರಿಯ ಸರ್ವರಿನಲ್ಲಿ. "ಅಪ್ಪನದು ಹೋಟೆಲು, ಸರ್ವರ್ ಅಂದ್ರೆ ಅವರಿಗೆ ದೋಸೆ ತರುವವ. 'ಸರ್ವರ್ ಬಿದ್ದಿದೆ' ಅಂದ್ರೆ 'ಪಾಪ, ಪೆಟ್ಟಾಯ್ತಾ' ಅಂತ ಕೇಳ್ತಿದ್ರು!" ಆ ಫಾರ್ಮಿನ ಜಾಗಕ್ಕೆ ಈಗ ಹೊಸ ಸಾಫ್ಟ್‌ವೇರ್ ಬರುತ್ತಿದೆ. ಇವತ್ತೇ ಅದರ ಪರೀಕ್ಷೆ. ಚೌಕ ಉಳಿದೀತೇ ಎಂಬುದೊಂದೇ ಅವರ ಚಿಂತೆ.

ಚೌಕ ಹುಟ್ಟಿದ್ದು ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದ ಯಂಕಣ್ಣನವರಿಂದಲೇ. ಆರು ವರ್ಷದ ಹಿಂದೆ ಕಾರ್ಡಿನ ಹೆಸರನ್ನು ಮೂರು ಸಲ ಕೂಗಿದರೂ ಅವರು ಏಳಲಿಲ್ಲ. ಸರದಿ ಬೇರೆಯವರ ಪಾಲಾಯಿತು. ಮರುದಿನ ಉಸಿರು ಸಿಕ್ಕದೆ ಸ್ಟ್ರೆಚರ್ ಮೇಲೆ ಬಂದರು. "ವೆಂಕಟೇಶ ಅಂದ್ರ ಯಾರಂತ ನನಗೇನ್ ಗೊತ್ರಿ? ಸಾಲಿ ಮಾಸ್ತರ ಬರ್ಸಿದ್ದು. ನಮ್ಮವ್ವ ಸೈತ ಹಂಗ ಕರದಿಲ್ಲ" ಎಂದು ಯಂಕಣ್ಣ ನಗುತ್ತಾರೆ. ಸುಗುಣಾ ನಗುವುದಿಲ್ಲ. ಅಂದು ಕೂಗಿದ್ದು ಅವರೇ.

ಅದೇ ವಾರ ಚೌಕ ಸೇರಿಸಿದರು. ಆದರೆ ಎಡವಟ್ಟಾಗಿತ್ತು. ಎಲ್ಲವೂ ಸರ್ವರಿಗೆ ಹೋಗುತ್ತಿದೆ ಎಂದು ನಂಬಿದ್ದರು; ಕರೆಯುವ ಹೆಸರುಗಳು ಮಾತ್ರ ಅವರ ಕಂಪ್ಯೂಟರಿನಲ್ಲೇ ಉಳಿದಿದ್ದವು. ಕಳೆದ ವರ್ಷ ಹಾರ್ಡ್ ಡಿಸ್ಕ್ ಕೆಟ್ಟಾಗ ಎಪ್ಪತ್ತು ಚಿಲ್ಲರೆ ಹೆಸರುಗಳೂ ಹೋದವು. "ಎಂಥ ಪೆದ್ದಿ ನಾನು! ಬಾತ್‌ರೂಮಿಗೆ ಹೋಗಿ ಅತ್ತೆ." ಹದಿನೈದು ದಿನ ಬೆಡ್‌ನಿಂದ ಬೆಡ್‌ಗೆ ಅಲೆದು ಮತ್ತೆ ಕೇಳಿದರು: "ಮನೆಯಲ್ಲಿ ಎಂತ ಕರೀತಾರೆ?" ಈ ಸಲ ಸೀವುಡ್ಸ್‌ನಲ್ಲಿ ಸರ್ವರ್ ನೋಡಿಕೊಳ್ಳುವ ಜಯಶೀಲ ಅವರ ಬೆನ್ನುಬಿದ್ದು ಸರ್ವರಿನಲ್ಲೇ ಜಾಗ ಮಾಡಿಸಿಕೊಂಡರು.

ಹನ್ನೊಂದು ಗಂಟೆ, ಎರಡನೇ ಪಾಳಿ. ಹೊಸ ಪರದೆಯ ಮುಂದೆ ಮಾನಸಿ ಕೂತಿದ್ದಾಳೆ. ಹೊಸದಾಗಿ ಕೆಲಸಕ್ಕೆ ಸೇರಿದ ಕಲ್ಯಾಣದ ಮರಾಠಿ ಹುಡುಗಿ, ಕನ್ನಡ ಬಾರದು. ಮುಂದಿನ ರೋಗಿಯ ಕಾರ್ಡಿನಲ್ಲಿ ಸಾವಿತ್ರಿ ಎಂದಿದೆ. ಅದರ ಕೆಳಗೆ ಚೌಕ ಹಾಗೇ ಇದೆ, ಒಳಗೆ 'ಸಾಬವ್ವ'! ಸರ್ವರಿನಲ್ಲಿ ಇರುವುದನ್ನು ಬಿಡುವಂತಿಲ್ಲವೆಂದು ಜಯಶೀಲ ಹೊಸ ಸಾಫ್ಟ್‌ವೇರ್ ಮಾಡುವವರಿಗೆ ಪಟ್ಟುಹಿಡಿದು ಹೇಳಿದ್ದರಂತೆ.

"ಸಾಬೌವಾ!" ಎಂದು ಕೂಗುತ್ತಾಳೆ ಮಾನಸಿ.

"ಬಂದೆ, ತಡಿಯವ್ವಾ," ಎಂದು ಮುದುಕಿಯೊಬ್ಬಳು ಏಳುತ್ತಾಳೆ.

ಸುಗುಣಾ ಕಣ್ಣೊರೆಸಿಕೊಳ್ಳುತ್ತಾರೆ. "ನನ್ನ ಫಾರ್ಮ್ ಹೋಗ್ಲಿ, ಬೇಜಾರಿಲ್ಲ. ಕರೆದವರು ಎದ್ರಲ್ಲ, ಅಷ್ಟು ಸಾಕು."