ಝೀಟಾ ಬಾಯಮ್ಮನ ಮೂರನೇ ಚಕ್ರ

ಬೆಳಗಿನ ಐದೂಮುಕ್ಕಾಲು. ಮಣಿಪಾಲದ ಟೈಗರ್ ಸರ್ಕಲ್‌ನಿಂದ ಸ್ವಲ್ಪ ಕೆಳಗೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಿಟಕಿಗೆ ಮಾತ್ರ ಬೆಳಕಿದೆ. ಅದು ಹಲ್ಲು ತಯಾರಿಸುವ ಲ್ಯಾಬ್. ಒಳಗೆ ಝೀಟಾ ಮಥಾಯಸ್ ಉದ್ದನೆಯ ಇಕ್ಕಳ ಹಿಡಿದು ಕುಲುಮೆಯ ಬಾಗಿಲು ತೆರೆಯುತ್ತಾರೆ. ಅಕ್ಕಿ ಅಳೆಯುವ ಸೇರಿನಷ್ಟು ದೊಡ್ಡ ಅಚ್ಚು ನಿಗಿನಿಗಿ ಕೆಂಪಾಗಿದೆ. ಅದನ್ನು ಎರಕದ ಯಂತ್ರದ ತೋಳಿನಲ್ಲಿ ಕೂರಿಸಿ, ಪಕ್ಕದ ಮೂಸೆಯೊಳಗಿನ ಲೋಹಕ್ಕೆ ಗ್ಯಾಸಿನ ಜ್ವಾಲೆ ಹಿಡಿಯುತ್ತಾರೆ. ಲೋಹದ ತುಂಡುಗಳ ಅಂಚು ಮೊದಲು ದುಂಡಗಾಗುತ್ತದೆ, ಆಮೇಲೆ ಅವು ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ಮೇಲಿನ ಪದರ ಹಾಲಿನ ಕೆನೆಯಂತೆ ಒಮ್ಮೆ ನಡುಗುತ್ತದೆ. ಆ ಗಳಿಗೆಗೇ ಕಾಯುತ್ತಿದ್ದ ಝೀಟಾ ಸ್ಪ್ರಿಂಗು ಬಿಡುತ್ತಾರೆ. ತೋಳು ರೊಯ್ಯನೆ ಸುತ್ತಿ, ಕರಗಿದ ಲೋಹವನ್ನು ಅಚ್ಚಿನೊಳಕ್ಕೆ ಎಸೆದು, ನಿಧಾನಕ್ಕೆ ನಿಲ್ಲುತ್ತದೆ.

“ಈಗ ಮಾತಾಡ್ಬಹುದು,” ಎಂದು ಅವರು ಕನ್ನಡಕ ತೆಗೆದು ಬೆವರು ಒರೆಸಿಕೊಳ್ಳುತ್ತಾರೆ. “ಇಷ್ಟು ಹೊತ್ತು ಉಸಿರು ಸಹ ಅರ್ಧರ್ಧವೇ ತಗೊಳ್ಳುದು.”

ಇಷ್ಟು ಬೇಗ ಯಾಕೆ ಎಂದರೆ ಕಾರಣ ವೋಲ್ಟೇಜು. “ಎಂಟು ಗಂಟೆಗೆ ಎಲ್ಲ ಕಡೆ ಮಿಕ್ಸಿ, ಪಂಪು ಶುರುವಾಗ್ತದೆ. ಆಗ ನಮ್ಮ ಕುಲುಮೆ ಅರೆಹೊಟ್ಟೆಯಲ್ಲಿ ಕೆಲಸ ಮಾಡ್ತದೆ. ಬೆಳಿಗ್ಗೆ ಅದಕ್ಕೆ ಪೂರ್ತಿ ಊಟ.”

ಬೇರೆ ದಿನಗಳಲ್ಲಾದರೆ ಆ ಅಚ್ಚಿನೊಳಗೆ ಯಾರದೋ ದವಡೆಗೆ ಹೋಗುವ ಹಲ್ಲುಗಳಿರುತ್ತವೆ. ಇವತ್ತು ಇರುವುದು ಅಂಗೈಗಿಂತ ಚಿಕ್ಕದಾದ ಒಂದು ಚಕ್ರ. ಅದರ ಸುತ್ತ ಇಪ್ಪತ್ತಮೂರು ಎಸಳು. ರೇಡಿಯೋ ರಿಮೋಟಿನಲ್ಲಿ ಹಾರಿಸುವ ಹಳೆಯ ಮಾದರಿ ಜೆಟ್ ವಿಮಾನವೊಂದರ ಹೊಟ್ಟೆಯಲ್ಲಿ ಕುಳಿತು, ಉರಿಯುವ ಗಾಳಿಯ ಹೊಡೆತಕ್ಕೆ ಇದು ನಿಮಿಷಕ್ಕೆ ಒಂದು ಲಕ್ಷ ಸುತ್ತು ಸುತ್ತಬೇಕು. ಇದು ಮೂರನೆಯ ಚಕ್ರ. ಮೊದಲನೆಯದು ಮುರಿಯಿತು. ಎರಡನೆಯದನ್ನು ಝೀಟಾ ಅವರೇ ಬೇಡವೆಂದರು. ತುಳುನಾಡಿನ ಕೋಲ, ಜಾತ್ರೆಗಳ ಋತು ಮುಗಿಯುವ ಪತ್ತನಾಜೆಗೆ ಇನ್ನು ಹತ್ತು ದಿನ. ಅದು ಕಳೆದರೆ ಮಳೆ, ಹಾರಿಸುವ ಮಾತಿಲ್ಲ. ಅಷ್ಟರೊಳಗೆ ಜೆಟ್ ಹಾರದಿದ್ದರೆ ಅದು ಕಾಪುವಿನ ಹೆದ್ದಾರಿ ಬದಿಯ ಶೀನ ಪೂಜಾರಿಯವರ ಹೋಟೆಲಿಗೆ ಹೋಗುತ್ತದೆ. ಊಟದ ಮೇಜುಗಳ ಮೇಲೆ, ಛಾವಣಿಯಿಂದ ತೂಗಾಡಲು. ಮಾಲೆ ದೀಪ ಸುತ್ತುವುದೆಂದು ಶೀನಣ್ಣ ಈಗಾಗಲೇ ಹೇಳಿಬಿಟ್ಟಿದ್ದಾರೆ.

ಝೀಟಾ ಅವರಿಗೆ ಮೂವತ್ತೆಂಟು ವರ್ಷ. ಮನೆ ಕಾರ್ಕಳದಲ್ಲಿ. ಹತ್ತನೆಯ ತರಗತಿ ಮುಗಿಸಿ ಪ್ಲಾಸ್ಟರ್ ಕಲಸುವ, ನೆಲ ಒರೆಸುವ ಕೆಲಸಕ್ಕೆಂದು ಈ ಲ್ಯಾಬಿಗೆ ಬಂದವರು. ಅದು ೧೯೮೨. ನೋಡಿ ನೋಡಿ ಮೇಣ ಕೆತ್ತಲು ಕಲಿತರು, ಮೇಣದಿಂದ ಎರಕಕ್ಕೆ ಬಂದರು. ಡಿಪ್ಲೊಮಾ ಮಾಡಿ ಬಂದ ಹುಡುಗಿಯರು ಈಗ ‘ಝೀಟಾಂಟಿ, ಇದು ಸ್ವಲ್ಪ ನೋಡಿ’ ಎಂದು ಅವರ ಮೇಜಿಗೇ ಬರುತ್ತಾರೆ. ಅವರ ಎಡ ಮಣಿಕಟ್ಟಿನಲ್ಲಿ ತೊಗರಿಬೇಳೆಯಷ್ಟು ದೊಡ್ಡ ಮೂರು ಕಲೆಗಳಿವೆ. ಹನ್ನೆರಡು ವರ್ಷದ ಹಿಂದೆ ಅಚ್ಚು ಒಡೆದು ಲೋಹ ಸಿಡಿದ ದಿನದ ಗುರುತು. ಎರಕವನ್ನು ಉಜ್ಜುವ ಮರಳಿನ ಧೂಳಿಗೆ ಚಳಿಗಾಲ ಪೂರ್ತಿ ಕೆಮ್ಮು. ಕಣ್ಣು ಮಾತ್ರ ಇನ್ನೂ ಮೋಸ ಮಾಡಿಲ್ಲ ಎನ್ನುತ್ತಾರೆ.

ಗಂಡ ಲೂಯಿಸ್ ಕಾರ್ಕಳದ ಬೇಕರಿಯೊಂದರಲ್ಲಿ ಬ್ರೆಡ್ಡು ಸುಡುವವರು. ಅವರು ಮೂರು ಗಂಟೆಗೆ ಹೊರಟರೆ ಇವರು ನಾಲ್ಕೂವರೆಯ ಬಸ್ಸಿಗೆ. “ನಮ್ಮ ಮನೆಯಲ್ಲಿ ಇಬ್ಬರದ್ದೂ ಒಲೆಯ ಕೆಲಸ. ಅವರದ್ದು ಉಬ್ಬಬೇಕು, ನನ್ನದು ಉಬ್ಬಬಾರ್ದು. ಅಷ್ಟೇ ವ್ಯತ್ಯಾಸ.”

ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಹಲ್ಲು, ಒಂದೆರಡು ಹಲ್ಲುಸೆಟ್ಟಿನ ಲೋಹದ ಚೌಕಟ್ಟು. ಇಪ್ಪತ್ತೊಂದು ವರ್ಷಕ್ಕೆ ಗುಣಿಸಿದರೆ ಕಡಿಮೆಯೆಂದರೂ ಐವತ್ತು ಸಾವಿರ ಹಲ್ಲುಗಳು. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ನಗುತ್ತಿರುವವರಲ್ಲಿ ಯಾರ ಬಾಯಲ್ಲಿ ತಮ್ಮ ಕೆಲಸವಿದೆಯೆಂದು ಝೀಟಾ ಅವರಿಗೆ ಗೊತ್ತಿಲ್ಲ, ನಗುವವರಿಗೂ ಝೀಟಾ ಗೊತ್ತಿಲ್ಲ. ಅವರ ಮೇಜಿನ ತುದಿಯಲ್ಲಿ ಒಂದು ನೀಲಿ ಡಬ್ಬವಿದೆ. ಸರಿಯಾಗಿ ಕೂರಲಿಲ್ಲವೆಂದು ದಂತವೈದ್ಯರು ತಿರುಗಿ ಕಳಿಸಿದ್ದನ್ನು ಹಾಕಲು. “ಈ ಡಬ್ಬ ಖಾಲಿ ಇದ್ರೆ ನನಗೆ ರಾತ್ರಿ ಒಳ್ಳೆ ನಿದ್ದೆ,” ಎನ್ನುತ್ತಾರೆ. ನಾನು ಹೋದ ದಿನ ಅದರಲ್ಲಿ ಇದ್ದದ್ದು ಎರಡು ಪೆನ್ಸಿಲು, ಒಂದು ರಬ್ಬರ್ ಬ್ಯಾಂಡು.

ಹಲ್ಲಿನ ಲ್ಯಾಬಿಗೆ ಜೆಟ್ ಬಂದದ್ದು ಕಾಪುವಿನ ದೇವದಾಸ ಅವರಿಂದ. ಮಸ್ಕತ್ತಿನಲ್ಲಿ ಹದಿನಾರು ವರ್ಷ ಮೆಕ್ಯಾನಿಕ್ ಆಗಿದ್ದು, ೧೯೯೯ರಲ್ಲಿ ಊರಿಗೆ ಮರಳಿ, ಮೀನುಗಾರಿಕೆ ದೋಣಿಗಳ ಎಂಜಿನ್ ರಿಪೇರಿಗೆ ಲೇತ್ ಹಾಕಿಕೊಂಡವರು. ಅಲ್ಲಿನ ಸಾಹೇಬರೊಬ್ಬರು ಊರು ಬಿಡುವಾಗ ಕೊಟ್ಟ ಜೆಟ್ ಇವರ ಸಾಮಾನಿನ ಜೊತೆ ಬಂತು. ಐದೂವರೆ ಅಡಿ ಉದ್ದ, ಬಿಳಿ ಮೈ, ಕೆಂಪು ಪಟ್ಟಿ. ನೋಡಲು ಜೆಟ್ಟಾದರೂ ಅದರೊಳಗೆ ಇದ್ದದ್ದು ಚಿಕ್ಕ ಪಿಸ್ಟನ್ ಎಂಜಿನ್ನು ಮತ್ತು ಒಂದು ಫ್ಯಾನು. ಆ ಎಂಜಿನ್ನು ಸವೆದು ಕೈಕೊಟ್ಟ ಮೇಲೆ ಬಿಡಿಭಾಗ ಎಲ್ಲೂ ಸಿಗಲಿಲ್ಲ. ಆಗ ದೇವದಾಸ ಅವರು ನಿಜವಾದ ಟರ್ಬೈನ್ ಹಾಕುವ ಪಣ ತೊಟ್ಟರು. ಗಾಳಿ ಒತ್ತುವ ಚಕ್ರ ಲಾರಿಯ ಹಳೆಯ ಟರ್ಬೋದಿಂದ ಸಿಕ್ಕಿತು. ಉರಿಯುವ ಕೋಣೆಯನ್ನು ಸ್ಟೀಲ್ ತಗಡಿನಲ್ಲಿ ತಾವೇ ಬೆಸೆದರು. ಉಳಿದದ್ದು ಆ ಬೆಂಕಿಯ ಮುಂದೆ ನಿಂತು ಸುತ್ತುವ ಚಕ್ರ. ಕಬ್ಬಿಣದಲ್ಲಿ ಮಾಡಿದರೆ ಕೆಂಪಾಗಿ ಬಗ್ಗುತ್ತದೆ.

ಹೆಂಡತಿ ವಿನೋದಾ ಅವರ ಹಲ್ಲಿನ ಚೌಕಟ್ಟನ್ನು ಕಡಿಯಾಳಿಯ ದಂತವೈದ್ಯರಿಗೆ ಒಯ್ದು ಕೊಡಲೆಂದು ಅವರು ಒಂದು ದಿನ ಲ್ಯಾಬಿಗೆ ಬಂದರು. ಮಿರಿಮಿರಿ ಮಿಂಚುವ ಆ ಲೋಹವನ್ನು ಉಗುರಿನಿಂದ ತಟ್ಟಿ, “ಇದು ಎಷ್ಟು ಬಿಸಿ ತಡೀತದೆ ಬಾಯಮ್ಮ?” ಎಂದು ಕೇಳಿದರು. ಕ್ರೈಸ್ತ ಹೆಂಗಸರನ್ನು ಈ ಕಡೆ ಗೌರವದಿಂದ ಕರೆಯುವುದು ಹಾಗೆ.

“ಬಿಸಿ ಸಾರು ತಡೀತದೆ. ಯಾಕೆ, ನಿಮ್ಮ ಹೆಂಡತಿ ಕೆಂಡ ತಿಂತಾರಾ?” ಎಂದರು ಝೀಟಾ.

ಆ ದಿನ ಇಬ್ಬರೂ ಎರಡು ತಾಸು ಮಾತಾಡಿ, ಕೆಂಪಗೆ ಕಾದರೂ ಬಗ್ಗದ ಆ ಹಲ್ಲಿನ ಲೋಹದಲ್ಲೇ ಚಕ್ರ ಹೊಯ್ಯುವುದೆಂದು ನಿಶ್ಚಯಿಸಿದರು. “ನನ್ನ ಹಲ್ಲು ತರ್ಲಿಕ್ಕೆ ಹೋದವರು ಹಲ್ಲನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದ್ರು ಮಾರಾಯ್ರೆ,” ಎಂದು ವಿನೋದಾ ಈಗಲೂ ಬಿಡದೆ ಹೇಳುತ್ತಾರೆ. “ನಾನು ಇನ್ನೆರಡು ದಿನ ಗಂಜಿ ಕುಡಿದೆ.”

ಲ್ಯಾಬಿನ ಮಾಲೀಕರು, ಎಂಟು ಗಂಟೆಯೊಳಗೆ ಮುಗಿಸುವುದಾದರೆ ಆಗಬಹುದೆಂದರು. ಝೀಟಾ ಮೊದಲ ಚಕ್ರವನ್ನು ಮೇಣದಲ್ಲಿ ಕೆತ್ತಿದರು. ಇಪ್ಪತ್ತಮೂರು ಎಸಳು, ಒಂದೊಂದನ್ನೂ ಕೈಯಿಂದಲೇ. ಎರಕ ಹೊಯ್ದು ತೆಗೆದಾಗ ಅದು ಬೆಳ್ಳಿಯ ಹೂವಿನ ಹಾಗಿತ್ತಂತೆ. ದೇವದಾಸ ಅವರು ಕಾಪುವಿನ ಶೆಡ್ಡಿನ ಹಿಂದೆ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಗೂಡು ಕಟ್ಟಿ, ಅದರೊಳಗೆ ಎಂಜಿನ್ನು ಬಿಗಿದು ಓಡಿಸಿದರು. ಎಷ್ಟೇ ತೂಕ ಸರಿಮಾಡಿದರೂ ಅದರ ನಡುಕ ನಿಲ್ಲಲಿಲ್ಲ. ಅರುವತ್ತು ಸಾವಿರ ಸುತ್ತಿಗೆ ಬರುವಷ್ಟರಲ್ಲಿ ಢಣ್ ಎಂದಿತು. ಕಿತ್ತುಬಂದ ಎಸಳೊಂದು ಮುರಕಲ್ಲಿನಲ್ಲಿ ಹೆಬ್ಬೆರಳಿನಷ್ಟು ಆಳಕ್ಕೆ ಕಚ್ಚಿಕೊಂಡಿತ್ತು.

“ಆ ಕಲ್ಲನ್ನು ನೋಡಿದೆ. ಕಲ್ಲಿನ ಜಾಗದಲ್ಲಿ ಯಾರಾದ್ರೂ ನಿಂತಿದ್ರೆ? ಇನ್ನು ಮಾಡುದಿಲ್ಲ ಅಂತ ಹೇಳಿ ಬಂದೆ.” ಎರಡು ವಾರ ಅವರು ಆ ವಿಷಯ ಎತ್ತಲಿಲ್ಲ. ಮುರಿದ ಚಕ್ರ ಮಾತ್ರ ಮೇಜಿನ ನೀಲಿ ಡಬ್ಬದಲ್ಲೇ ಇತ್ತು. ಒಂದು ದಿನ ಊಟದ ಹೊತ್ತಿಗೆ ಅದನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದವರು ಜೋರಾಗಿ ನಕ್ಕುಬಿಟ್ಟರು.

ತಪ್ಪು ಅವರ ಕೈಯ ಹೆಚ್ಚುಗಾರಿಕೆಯಲ್ಲೇ ಇತ್ತು. ಹಲ್ಲು ಮಾಡುವವರು ಮೊದಲು ಕಲಿಯುವ ಪಾಠ, ಎರಡು ಹಲ್ಲುಗಳನ್ನು ಒಂದೇ ತರಹ ಮಾಡಬಾರದು ಎಂಬುದು. ಸಾಲಾಗಿ ಒಂದೇ ಅಳತೆಯಲ್ಲಿದ್ದರೆ ದೂರದಿಂದಲೇ ಕಟ್ಟಿಸಿದ ಹಲ್ಲೆಂದು ಗೊತ್ತಾಗುತ್ತದೆ. ಒಂದನ್ನು ಕೂದಲೆಳೆಯಷ್ಟು ತಿರುಚಬೇಕು, ಇನ್ನೊಂದರ ಅಂಚನ್ನು ಸವೆಸಬೇಕು. “ನಾನು ಎಸಳಿಗೂ ಹಾಗೇ ಮಾಡಿದ್ದೇನೆ! ಗೊತ್ತಿಲ್ಲದೆ. ಒಂದು ಸ್ವಲ್ಪ ಓರೆ, ಒಂದು ಸ್ವಲ್ಪ ದಪ್ಪ. ಇಪ್ಪತ್ತಮೂರು ಜನರ ಹಲ್ಲು ತಂದು ಒಂದೇ ಬಾಯಲ್ಲಿ ಇಟ್ಟ ಹಾಗೆ. ನಡುಗದೆ ಎಂತ ಮಾಡ್ತದೆ ಪಾಪ?”

ಮರುದಿನವೇ ಅವರು ಒಂದೇ ಒಂದು ಎಸಳನ್ನು ಕೆತ್ತಿ, ದವಡೆಯ ಅಳತೆ ತೆಗೆಯುವ ರಬ್ಬರಿನಲ್ಲಿ ಅದರ ಅಚ್ಚು ಮಾಡಿಕೊಂಡರು. ಅದರೊಳಗೆ ಇಪ್ಪತ್ತಮೂರು ಸಲ ಮೇಣ ಹೊಯ್ದರು. ಕೆತ್ತುವ ಚಾಕುವನ್ನು ಪಕ್ಕದ ಮೇಜಿನ ಹುಡುಗಿಗೆ ಕೊಟ್ಟು, “ನಾನು ಕೇಳಿದ್ರೂ ಕೊಡ್ಬೇಡ,” ಎಂದರು. ಹೀಗೆ ಬಂದದ್ದು ಎರಡನೆಯ ಚಕ್ರ. ದೇವದಾಸ ಅವರಿಗೆ ಅದು ಪೂರ್ತಿ ಒಪ್ಪಿಗೆಯಾಯಿತು. ಝೀಟಾ ಕಿಟಕಿಯ ಬೆಳಕಿಗೆ ಹಿಡಿದು ಒಂದು ಎಸಳಿನ ಬುಡದಲ್ಲಿ ಸೂಜಿಮೊನೆಯಷ್ಟು ಗಾಳಿಗುಳ್ಳೆ ಕಂಡರು.

“ಬಾಯಮ್ಮ, ಅದು ನನಗೆ ಕಾಣುದೇ ಇಲ್ಲ,” ಎಂದರು ದೇವದಾಸ.

“ನಿಮಗೆ ಕಾಣುದಿಲ್ಲ. ಬೆಂಕಿಗೆ ಕಾಣ್ತದೆ ದೇವದಾಸಣ್ಣ.”

ಮೂರನೆಯದು, ನಾನು ಕಣ್ಣಾರೆ ಕಂಡದ್ದು, ತಣಿದ ಮೇಲೆ ಅಚ್ಚಿನ ಪ್ಲಾಸ್ಟರಿನಿಂದ ಹೊರಬರುತ್ತದೆ. ಝೀಟಾ ಅದನ್ನು ಕಿಟಕಿಗೆ ಹಿಡಿದು, ಎಸಳೆಸಳಾಗಿ ನೋಡಿ, ಮತ್ತೆ ಮೊದಲಿನಿಂದ ನೋಡಿ, ಹತ್ತಿಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿಡುತ್ತಾರೆ. ಆಮೇಲೆ ಯಾರದೋ ದವಡೆಹಲ್ಲಿನ ಕೆಲಸಕ್ಕೆ ಕೂರುತ್ತಾರೆ. ಗಂಟೆ ಎಂಟಾಗಿದೆ.

ಆ ಭಾನುವಾರ ಕಾಪುವಿನ ಮುರಕಲ್ಲಿನ ಗೂಡಿನೊಳಗೆ ಚಕ್ರ ಅರುವತ್ತು ಸಾವಿರ ದಾಟುತ್ತದೆ. ಎಂಬತ್ತು. ಒಂದು ಲಕ್ಷ. ಗೋಡೆಯ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತ ಎಲ್ಲರೂ ಕಿವಿ ಮುಚ್ಚಿಕೊಂಡಿದ್ದಾರೆ, ಝೀಟಾ ಒಬ್ಬರೇ ಮುಚ್ಚಿಕೊಂಡಿಲ್ಲ. ನಡುಕವಿಲ್ಲ. ಎಂಜಿನ್ನಿನ ಮೇಲೆ ನಿಲ್ಲಿಸಿದ ಒಂದು ರೂಪಾಯಿ ನಾಣ್ಯ ಬಿದ್ದಿಲ್ಲವೆಂದು ದೇವದಾಸ ಅವರು ಆಮೇಲೆ ಎಲ್ಲರಿಗೂ ಕರೆದು ತೋರಿಸುತ್ತಾರೆ.

ಮುಂದಿನ ಐದು ದಿನ ಜೆಟ್ಟಿನ ಮೈಯೊಳಗಿನ ಕೆಲಸ. ಬಾಲ ಸುಡದಂತೆ ಸ್ಟೀಲ್ ಕೊಳವೆಯೊಳಗೆ ಇನ್ನೊಂದು ಕೊಳವೆ, ನಡುವೆ ಗಾಳಿ ಹರಿಯಲು ಜಾಗ. ಈ ಎಂಜಿನ್ನು ನಿಮಿಷಕ್ಕೆ ಕಾಲು ಲೀಟರ್ ಸೀಮೆಎಣ್ಣೆ ಕುಡಿಯುವುದರಿಂದ ಹಳೆಯ ಟ್ಯಾಂಕಿನ ನಾಲ್ಕು ಪಟ್ಟು ದೊಡ್ಡ ಟ್ಯಾಂಕು. ಬಾಲ ಭಾರವಾದದ್ದಕ್ಕೆ ಮೂತಿಯೊಳಗೆ ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳು. “ಒಲೆಗೆ ಇಲ್ಲದ ಸೀಮೆಎಣ್ಣೆ ಇವರ ವಿಮಾನಕ್ಕೆ ಉಂಟು,” ಎಂದು ವಿನೋದಾ ಗೊಣಗುತ್ತಲೇ ಕ್ಯಾನಿಗೆ ಬಟ್ಟೆ ಕಟ್ಟಿ ಸೋಸಿ ಕೊಡುತ್ತಾರೆ.

ಪತ್ತನಾಜೆಯ ಹಿಂದಿನ ದಿನ. ಕಾರ್ಕಳದ ಹೊರಗೆ ಬೋಳು ಬಂಡೆಯ ಪಾದೆಯ ಮೇಲೆ ಹೊಸ ಲೇಔಟಿಗೆಂದು ಹಾಕಿದ ಉದ್ದನೆಯ ಡಾಮರು ರಸ್ತೆ. ಮನೆ ಇನ್ನೂ ಒಂದೂ ಎದ್ದಿಲ್ಲ. ಪಡುವಣದಲ್ಲಿ ಮೋಡ ಕಟ್ಟಿದೆ. ರಸ್ತೆಯ ತುಂಬ ಸಣ್ಣ ಜಲ್ಲಿ. ಎಂಜಿನ್ನು ಒಂದು ಕಲ್ಲನ್ನು ಒಳಗೆ ಸೆಳೆದರೂ ಚಕ್ರ ಹೋಯಿತು. ಎಲ್ಲರೂ ಬಗ್ಗಿ ಕೈಯಿಂದ ಆಯುತ್ತಿರುವುದನ್ನು ಕಂಡು, ಅಲ್ಲೇ ಚರಂಡಿಗೆ ಕಲ್ಲು ಹೊರುತ್ತಿದ್ದ ಬಾಗಲಕೋಟೆ ಕಡೆಯ ಹನುಮವ್ವ ಬುಟ್ಟಿ ಇಳಿಸುತ್ತಾರೆ. “ಇಷ್ಟ ಮಂದಿ ಬಂದೀರಿ, ಒಂದ ಕಸಬರಿಗಿ ತರೂದು ಗೊತ್ತಾಗ್ಲಿಲ್ಲೇನ್ರಿ?” ಎಂದು ತಮ್ಮ ಶೆಡ್ಡಿನಿಂದ ಪೊರಕೆ ತಂದು, ಇನ್ನೂರು ಮೀಟರು ರಸ್ತೆಯನ್ನು ಅಂಗಳ ಗುಡಿಸಿದಂತೆ ಗುಡಿಸುತ್ತಾರೆ.

ದೇವದಾಸ ಅವರು ಅಡುಗೆ ಗ್ಯಾಸಿನಿಂದ ಎಂಜಿನ್ನು ಹೊತ್ತಿಸಿ, ಬ್ಲೋವರಿನಿಂದ ಗಾಳಿ ಊದುತ್ತಾರೆ. ಮೊದಲು ಕುಕ್ಕರು ಸೀಟಿಗೆ ಮುಂಚೆ ಮಾಡುವಂಥ ಸಣ್ಣ ಸುಯ್ಯಲು. ಸೀಮೆಎಣ್ಣೆ ಹತ್ತಿಕೊಂಡದ್ದೇ ಅದು ಏರುತ್ತಾ ಏರುತ್ತಾ ಎದೆಯೊಳಗೇ ಕೇಳಿಸತೊಡಗುತ್ತದೆ. ಹಿಂದಿನ ಹುಲ್ಲು ಮಲಗುತ್ತದೆ. ದೇವದಾಸ ಅವರು ರಿಮೋಟು ಒತ್ತಿದ್ದೇ ಜೆಟ್ ಓಡುತ್ತದೆ. ಗುಡಿಸಿದ ರಸ್ತೆಯ ಕೊನೆಗೆ ನಾಲ್ಕು ಮಾರು ಇರುವಾಗ ಮೂತಿ ಎತ್ತುತ್ತದೆ. ಹಾರಿತು!

“ಯವ್ವಾ, ಹೊಂಟ ಬಿಟ್ತಲ್ಲ!” ಎಂದು ಹನುಮವ್ವ ಪೊರಕೆಯನ್ನೇ ಮೇಲೆತ್ತುತ್ತಾರೆ. ಶೀನಣ್ಣ, ತಮ್ಮ ಹೋಟೆಲಿಗೆ ಆಗುತ್ತಿರುವ ನಷ್ಟವನ್ನು ಮರೆತು, ಎರಡೂ ಕೈ ಮೇಲೆತ್ತಿ ಚಪ್ಪಾಳೆ ಹೊಡೆಯುತ್ತಾರೆ. ಒಂದು ಸುತ್ತು. ಎರಡನೆಯ ಸುತ್ತಿಗೆ ಜೆಟ್ ಗೇರುಮರಗಳ ಹಿಂದೆ ಹೋದದ್ದೇ ಸದ್ದು ನಿಂತುಬಿಡುತ್ತದೆ. ಝೀಟಾ ವಿನೋದಾ ಅವರ ಕೈಯನ್ನು ಬಳೆ ಸಮೇತ ಹಿಚುಕಿ ಹಿಡಿದಿದ್ದಾರೆ. ಮೂರು ಕ್ಷಣ. ಗಾಳಿ ದಿಕ್ಕು ಬದಲಿಸಿದ್ದೇ ತಡ ಆ ಸಿಳ್ಳು ಮೊದಲು ಬರುತ್ತದೆ, ಹಿಂದೆಯೇ ಕೆಂಪು ಪಟ್ಟಿಯ ಬಿಳಿ ಜೆಟ್, ಇನ್ನಷ್ಟು ಕೆಳಗೆ, ಇನ್ನಷ್ಟು ವೇಗವಾಗಿ, ಎಲ್ಲರ ತಲೆಯ ಮೇಲೆ!

ನಾಲ್ಕು ನಿಮಿಷ ಹಾರಿ, ರಸ್ತೆ ಮುಟ್ಟಿ, ಒಮ್ಮೆ ಪುಟಿದು, ಅಂಚಿನ ಕೆಮ್ಮಣ್ಣಿಗೆ ಜಾರಿ ಅದು ನಿಲ್ಲುತ್ತದೆ. ಶೀನಣ್ಣ ಸೋಲೊಪ್ಪದೆ, “ಸರಿ, ಆ ಎರಡನೇ ಚಕ್ರವಾದ್ರೂ ಕೊಡಿ ಬಾಯಮ್ಮ, ಗಲ್ಲಾಪೆಟ್ಟಿಗೆಯ ಮೇಲೆ ತೂಗಿಸ್ತೇನೆ,” ಎನ್ನುತ್ತಾರೆ.

“ಊರಿಗೆಲ್ಲ ಕಾಣುವ ಹಾಗೆ ನನ್ನ ತಪ್ಪನ್ನು ತೂಗಿಸುದಾ? ನೀವು ಕರಟಿದ ದೋಸೆ ತೂಗಿಸ್ತೀರಾ ಶೀನಣ್ಣ?”

ಎಂಜಿನ್ನು ತಣಿಯುವವರೆಗೆ ಝೀಟಾ ಅಲ್ಲೇ ಕಾಯುತ್ತಾರೆ. ಆಮೇಲೆ ಮಣ್ಣಿನಲ್ಲಿ ಮೊಣಕಾಲೂರಿ, ಮಗುವಿನ ಬಾಯಿ ನೋಡುವಂತೆ ಬಾಲದ ಕೊಳವೆಯೊಳಗೆ ಟಾರ್ಚು ಬಿಟ್ಟು, ಕಡ್ಡಿಯಿಂದ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಎಣಿಸುತ್ತಾರೆ. ಎಣಿಕೆ ಕೊಂಕಣಿಯಲ್ಲಿ, ಸಣ್ಣ ದನಿಯಲ್ಲಿ. ಇಪ್ಪತ್ತಮೂರೂ ಇವೆ. ಮೊದಲ ಹನಿಗಳು ಡಾಮರಿನ ಮೇಲೆ ಬೀಳುತ್ತಿವೆ. ದೇವದಾಸ ಅವರು ಜೆಟ್ಟಿಗೆ ಟಾರ್ಪಾಲು ಹೊದೆಸಲು ಓಡುತ್ತಾರೆ.

ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ. ಅವರು ಸೀರೆಯ ಕೆಮ್ಮಣ್ಣು ಕೊಡವಿಕೊಳ್ಳುತ್ತಾರೆ.

“ಆಸೆ ಎಂತ? ನಾಳೆ ಆರು ಹಲ್ಲು ಕೊಡ್ಲಿಕ್ಕುಂಟು. ಇಪ್ಪತ್ತೊಂದು ವರ್ಷ ನಾನು ಕಳಿಸಿದ ಪ್ರತಿ ಹಲ್ಲಿಗೂ ಮನಸ್ಸಿನಲ್ಲಿ ಒಂದೇ ಮಾತು ಹೇಳ್ತಿದ್ದೆ, ವಾಪಸ್ ಬರ್ಬೇಡ ಅಂತ. ಆ ಮರದ ಹಿಂದೆ ಸದ್ದು ನಿಂತಾಗ ಮೊದಲ ಸಲ, ವಾಪಸ್ ಬಾ ಅಂದೆ.” ಮಳೆಗೆ ತಲೆಯ ಮೇಲೆ ಸೆರಗೆಳೆದುಕೊಂಡು ನಗುತ್ತಾರೆ. “ಬಂತು ನೋಡಿ.”