ಸಫಿಯಾಳ ಗಂಡ ರಜೆ ಹಾಕಿದ್ದು

ಬೋಳಾರದ ಸಫಿಯಾ ಕೊಡಿಯಾಲ್‌ಬೈಲಿನ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಅವರ ಮನೆತನದಲ್ಲಿ ಸಂಬಳ ತಂದ ಮೊದಲ ಹೆಂಗಸು. ಅಪ್ಪನನ್ನು ಒಪ್ಪಿಸಿ ಕಲಿತದ್ದು, ಮದುವೆಗೆ ಮೊದಲೇ ಇಜಾಝನಿಂದ ಮಾತು ತೆಗೆದುಕೊಂಡದ್ದು, ಎಲ್ಲವೂ ಈ ಕೆಲಸಕ್ಕಾಗಿ.

ಬಸುರಿಯಾದಾಗಲೇ ಅವಳು ಲೆಕ್ಕ ಹಾಕಿಟ್ಟಿದ್ದಳು. ಕಾನೂನಿನಲ್ಲಿ ಆರು ತಿಂಗಳ ರಜೆ ಉಂಟಂತೆ. ಆದರೆ ಕಾಂಟ್ರಾಕ್ಟಿನವರಿಗೆ ಮೂರೇ ತಿಂಗಳು ಎಂದು ನರ್ಸಿಂಗ್ ಹೋಮಿನವರು ಹೇಳಿದರು. ಶಿಶುಮಂದಿರದವರು ನಾಲ್ಕು ತಿಂಗಳಾಗದ ಮಗುವನ್ನು ಸೇರಿಸುವುದಿಲ್ಲ. ಅವಳ ತಾಯಿ, ಉಮ್ಮ ಸುಮಯ್ಯಾ, ಬಾಣಂತನ ಮುಗಿಯಲಿ ಎಂದು ಕಣ್ಣಿನ ಆಪರೇಶನ್ ಮುಂದೆ ಹಾಕಿದ್ದರು. ನಡುವಿನ ಒಂದು ತಿಂಗಳು ಮಗುವನ್ನು ನೋಡಿಕೊಳ್ಳಲು ಇಜಾಝ್. ಅವನು ಸರಕಾರಿ ಗುಮಾಸ್ತ. ತಂದೆಯಾದವನಿಗೆ ಸಂಬಳದೊಂದಿಗೆ ಹದಿನೈದು ದಿನ ರಜೆ. ಉಳಿದದ್ದಕ್ಕೆ ಅವನದೇ ಗಳಿಕೆ ರಜೆ.

ಮಗು ಹುಟ್ಟಿದ ಮರುದಿನವೇ ಇಜಾಝ್ ಬ್ಯಾಗ್ ಹಿಡಿದು ಹೆಂಡತಿಯ ತವರಿಗೆ ಬಂದ.

"ಈಗ ಎಂತಕ್ಕೆ ರಜೆ ಹಾಕಿದ್ದು? ನಾನು ಕೆಲಸಕ್ಕೆ ಹೋಗುವಾಗ ಅಂತ ಹೇಳಿದ್ದಲ್ವಾ?"

"ಹೆಂಡತಿ ಹೆತ್ತಾಗ ರಜೆ ಹಾಕದಿದ್ರೆ ಆಫೀಸಿನಲ್ಲಿ ನಗ್ತಾರೆ ಮಾರಾಯ್ತಿ."

ಅಳಿಯ ಬಂದ ಮನೆಯಲ್ಲಿ ಅಳಿಯನಿಗೆ ಎಂತ ಕೆಲಸ? ಬಾಣಂತಿಯ ಕೋಣೆ ಹೆಂಗಸರದು. ಚಾವಡಿಯಲ್ಲಿ ಇಜಾಝ್, ಮುಂದೆ ಅಕ್ಕಿರೊಟ್ಟಿ, ಕೋಳಿಸಾರು, ಕೈಯಲ್ಲಿ ಮೊಬೈಲ್. ಒಮ್ಮೆ ಮಗುವನ್ನು ಎತ್ತಿದ. "ನೀವು ಬಿಡಿ, ಪ್ಯಾಂಟ್ ಒದ್ದೆಯಾಗ್ತದೆ" ಎಂದು ಸುಮಯ್ಯಾ ಓಡಿ ಬಂದು ತೆಗೆದುಕೊಂಡರು. ಅವನೂ ಸಂತೋಷದಿಂದಲೇ ಕೊಟ್ಟ. ಹಾಗೆ ತಿಂದು ಮಲಗಿ ರಜೆ ಮುಗಿಯಿತು.

ಮೂರು ತಿಂಗಳಾಯಿತು. ಉಮ್ಮನ ಕಣ್ಣಿಗೆ ಪಟ್ಟಿ ಕಟ್ಟಿದರು, ಭಾರ ಎತ್ತಬಾರದು ಎಂದರು. ಅದೇ ವಾರ ಲ್ಯಾಬಿನ ಮೆಲಿಸಾ ಫೋನ್ ಮಾಡಿದಳು. "ಸೋಮವಾರ ಬರ್ತೀಯಲ್ಲ ಸಫಿಯಾ? ಇಲ್ಲದಿದ್ರೆ ಬೇರೆ ಹುಡುಗಿಯನ್ನು ತೆಗೊಳ್ತಾರಂತೆ."

ಉಮ್ಮನನ್ನು ನೋಡಲು ಬಂದಿದ್ದ ಗಂಡನ ಮುಂದೆ ಸಫಿಯಾ ನಿಂತಳು.

"ಆ ರಜೆ ಮುಗಿಯಿತಲ್ಲ?" ಎಂದ ಇಜಾಝ್.

"ಗಳಿಕೆ ರಜೆ ಉಂಟಲ್ಲ?"

"ಅದು ಅಕ್ಕನ ಮಗಳ ಮದುವೆಗೆ ಇಟ್ಟದ್ದು. ನಾನಿಲ್ಲದೆ ಅಲ್ಲಿ ಆಗ್ತದಾ?"

"ಇಲ್ಲಿ ಆಗ್ತದಾ?"

ಸೋಮವಾರ ಲ್ಯಾಬಿನ ಕುರ್ಚಿಯಲ್ಲಿ ಬೇರೊಬ್ಬಳು ಕೂತಳು.

ಉಮ್ಮನನ್ನು ನೋಡಲು ಬಂದ ನೆರೆಮನೆಯ ಹಿರಿಯ ಇದಿನಬ್ಬಾಕ ಇಜಾಝನ ಬೆನ್ನು ತಟ್ಟಿದರು. "ಮಗುವಿಗಾಗಿ ರಜೆ ಹಾಕಿದ ಗಂಡಸು ಇವ! ನಮ್ಮ ಕಾಲದಲ್ಲಿ ಯಾರು ಹಾಕ್ತಿದ್ರು?"

ಇಜಾಝ್ ನಾಚಿ ನಕ್ಕ. "ಇನ್ನೊಂದು ಮಗುವಾದ್ರೂ ಸರಕಾರ ಕೊಡ್ತದೆ ಕಾಕಾ."

"ಆಗಲೂ ಇಲ್ಲಿಗೇ ಬನ್ನಿ," ಎಂದಳು ಸಫಿಯಾ, ಚಹಾ ಇಡುತ್ತಾ. "ಅಷ್ಟರಲ್ಲಿ ಉಮ್ಮನ ಕಣ್ಣು ಸರಿಯಾಗ್ತದೆ, ಬಡಿಸ್ಲಿಕ್ಕೆ ಜನ ಉಂಟು."

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಒಳಗೆ ಮಗು ಅಳತೊಡಗಿತು. ಗಂಡಸರು ಚಹಾ ಕುಡಿಯುತ್ತಿದ್ದರು. ಸಫಿಯಾ ಒಳಗೆ ಹೋದಳು.